ಸಹಾಯ ಬೇಕು: ಇದು ಟೆನಾಸಿನ್-ಸಿ ಪರಿಣಾಮವೋ, ಎಂಡೋಟಾಕ್ಸಿನ್ ಕಲಬೆರಕೆಯೋ?

ನಮಸ್ಕಾರ. ಆರೋಗ್ಯವಂತ ವಯಸ್ಕ ಅಂಗಾಂಶಗಳಲ್ಲಿ ಬಹಳ ಕಡಿಮೆ ಇರುವ, ಆದರೆ ಗಾಯವಾದಾಗ ಹೇರಳವಾಗಿ ಉತ್ಪತ್ತಿಯಾಗುವ ಟೆನಾಸಿನ್-ಸಿ ಎಂಬ ಕೋಶಬಾಹ್ಯ ಮಾತೃಕೆಯ (ಕೋಶಗಳ ಸುತ್ತ ಇರುವ ಆಧಾರ ಜಾಲದ) ಪ್ರೋಟೀನು, ಸೋಂಕೇ ಇಲ್ಲದಿದ್ದರೂ ಟಿಎಲ್‌ಆರ್-4 ಎಂಬ, ರೋಗನಿರೋಧಕ ಕೋಶಗಳ ಗ್ರಾಹಕದ ಮೂಲಕ ಉರಿಯೂತವನ್ನು ಮುಂದುವರಿಸುವ ಬಗೆಯನ್ನು ನಾನು ಅಧ್ಯಯನ ಮಾಡುತ್ತಿದ್ದೇನೆ. ಇದರ ಫೈಬ್ರಿನೋಜನ್ ಮಾದರಿಯ ತುದಿಭಾಗವನ್ನು ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ತಯಾರಿಸಿ, ಶುದ್ಧೀಕರಿಸಿ, ರೋಗನಿರೋಧಕ ಕೋಶಗಳಾದ ಮ್ಯಾಕ್ರೋಫೇಜ್‌ಗಳಿಗೆ ಕೊಟ್ಟಾಗ ಟಿಎನ್‌ಎಫ್ ಮತ್ತು ಐಎಲ್-6 ಎಂಬ ಉರಿಯೂತದ ಸಂಕೇತ ಪ್ರೋಟೀನುಗಳು ಚೆನ್ನಾಗಿಯೇ ಬಿಡುಗಡೆಯಾದವು. ತೊಂದರೆಯೆಂದರೆ, ಈ ಬ್ಯಾಕ್ಟೀರಿಯಾದ ಹೊರಪೊರೆಯಿಂದ ಬಂದು ಪ್ರೋಟೀನಿನ ಜೊತೆ ಉಳಿದುಕೊಳ್ಳಬಹುದಾದ ಎಂಡೋಟಾಕ್ಸಿನ್ ಕೂಡ ಇದೇ ಗ್ರಾಹಕವನ್ನು ಪ್ರಚೋದಿಸುತ್ತದೆ.

ಎಂಡೋಟಾಕ್ಸಿನ್ನನ್ನು ಹಿಡಿದಿಡುವ ಪಾಲಿಮಿಕ್ಸಿನ್-ಬಿ ಸೇರಿಸಿದಾಗ ಪ್ರತಿಕ್ರಿಯೆ ಸುಮಾರು ಅರ್ಧಕ್ಕೆ ಇಳಿಯಿತು. 95 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿದ ಮೇಲೂ ಸ್ವಲ್ಪ ಭಾಗ ಉಳಿಯಿತು. ಪ್ರೋಟೀನಿನ ರಚನೆ ಕೆಡಬೇಕಾದ, ಎಂಡೋಟಾಕ್ಸಿನ್ ಮಾತ್ರ ತಾಳಿಕೊಳ್ಳುವ ಈ ಶಾಖದಲ್ಲಿ ಉಳಿದದ್ದೇ ನನ್ನ ಅನುಮಾನಕ್ಕೆ ಕಾರಣ. ಟಿಎಲ್‌ಆರ್-4 ಇಲ್ಲದ ಕೋಶಗಳಲ್ಲಿ ಪ್ರತಿಕ್ರಿಯೆ ಪೂರ್ತಿ ನಿಂತುಹೋಯಿತು. ಅದನ್ನು ಕಂಡು ಒಂದು ದಿನ ಸಂಭ್ರಮಿಸಿದ್ದೂ ಉಂಟು, ಆದರೆ ಎರಡರ ದಾರಿಯೂ ಒಂದೇ ಆಗಿರುವಾಗ ಆ ಫಲಿತಾಂಶ ಇವೆರಡನ್ನು ಬೇರ್ಪಡಿಸುವುದಿಲ್ಲವೆಂದು ಆಮೇಲೆ ಹೊಳೆಯಿತು. ಕಲಬೆರಕೆಯಾಗಬಹುದಾದ ಇನ್ನೊಂದು ವಸ್ತುವಾದ ಬ್ಯಾಕ್ಟೀರಿಯಾದ ಲಿಪೋಪ್ರೋಟೀನುಗಳು ಮುಖ್ಯವಾಗಿ ಟಿಎಲ್‌ಆರ್-2 ಮೂಲಕ ಕೆಲಸ ಮಾಡುವುದರಿಂದ, ಅವು ಇಲ್ಲಿ ದೊಡ್ಡ ಕಾರಣವಲ್ಲ ಎಂದಷ್ಟೇ ಅದರಿಂದ ಹೇಳಬಹುದು.

ಈ ವಿಷಯದಲ್ಲಿ ಕೈಯಾರೆ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ: ಈಗಿರುವ ಪ್ರೋಟೀನಿನಿಂದ ಟ್ರೈಟಾನ್ ಎಕ್ಸ್-114 ಎಂಬ ಮಾರ್ಜಕ ಬಳಸಿ ಎಂಡೋಟಾಕ್ಸಿನ್ ತೆಗೆದು, ಉಳಿದದ್ದನ್ನು ಅಳೆದು, ಅಷ್ಟೇ ಪ್ರಮಾಣದ ಎಂಡೋಟಾಕ್ಸಿನ್ನನ್ನು ಹೋಲಿಕೆಗಾಗಿ ಪ್ರತ್ಯೇಕವಾಗಿ ಕೋಶಗಳಿಗೆ ಕೊಟ್ಟು ನೋಡಿದರೆ ಸಾಕೇ, ಅಥವಾ ಎಂಡೋಟಾಕ್ಸಿನ್ ಉತ್ಪಾದಿಸದ ಸಸ್ತನಿ ಕೋಶಗಳಲ್ಲಿ ಪ್ರೋಟೀನನ್ನು ಹೊಸದಾಗಿ ತಯಾರಿಸಿ ಎಲ್ಲವನ್ನೂ ಮರುಪರೀಕ್ಷಿಸಲೇಬೇಕೇ?