ಡ್ರಾಪರ್ ಹಾಕಿಸಿದ ಮೇಲೆ ಮೊಣಕಾಲು ನೋವು, ಸೀಟ್ ಎಲ್ಲಿರಬೇಕು?

ಕೆಲಗೇರಿ ಸವಾರ, ಧಾರವಾಡ

ಎಲ್ಲರಿಗೂ ನಮಸ್ಕಾರ. ನನ್ನದು ಹಾರ್ಡ್‌ಟೇಲ್ ಎಂಟಿಬಿ (ಹಿಂದೆ ಸಸ್ಪೆನ್ಷನ್ ಇಲ್ಲದ ಗುಡ್ಡಗಾಡು ಸೈಕಲ್), ಮೀಡಿಯಂ ಫ್ರೇಮ್, ಸೀಟ್ ಟ್ಯೂಬ್ (ಸೀಟ್ ಪೋಸ್ಟ್ ಇಳಿಯುವ ಫ್ರೇಮಿನ ಕೊಳವೆ) 43 ಸೆಂ.ಮೀ. ಮಾಮೂಲಿ ಸೀಟ್ ಪೋಸ್ಟ್ ತೆಗೆಸಿ 125 ಮಿ.ಮೀ. ಡ್ರಾಪರ್ ಹಾಕಿಸಿದೆ, ಅಂದರೆ ಹ್ಯಾಂಡಲ್ ಮೇಲಿನ ಲಿವರ್ ಒತ್ತಿ ಓಡಿಸುತ್ತಲೇ ಸೀಟನ್ನು ಅಷ್ಟು ಇಳಿಸಿ ಏರಿಸಬಹುದಾದ ಪೋಸ್ಟ್. ಅಂಗಡಿಯವರು ಹಳೇ ಪೋಸ್ಟಿನಲ್ಲಿ ಸೀಟ್ ಎಷ್ಟು ಎತ್ತರ ಇತ್ತೋ ಟೇಪ್ ಹಿಡಿದು ಅಷ್ಟಕ್ಕೇ ಕೂರಿಸಿ ಕೊಟ್ಟರು. ಬಾಟಮ್ ಬ್ರಾಕೆಟ್ (ಪೆಡಲ್ ತಿರುಗುವ ಅಚ್ಚು ಇರುವ ಜಾಗ) ನಡುವಿನಿಂದ ಸೀಟಿನ ಮೇಲ್ಭಾಗದವರೆಗೆ 66 ಸೆಂ.ಮೀ.

ಇಳಿಜಾರಿನಲ್ಲಿ ಭಾರೀ ಮಜಾ ಇದೆ, ಎರಡು ಮಾತಿಲ್ಲ. ಬೂದನಗುಡ್ಡದ ಕಡೆ ಕಲ್ಲು ದಾರಿ ಇಳಿಯುವಾಗ ಸೀಟ್ ಹೊಟ್ಟೆಗೆ ಗುದ್ದುವುದು ನಿಂತಿದೆ. ಆದರೆ ಏರು ಹತ್ತುವಾಗ ಮೊಣಕಾಲ ಚಿಪ್ಪಿನ ಮುಂದೆ ನೋವು ಶುರುವಾಗಿದೆ, ಅಂಗೈ ಜೋಮು ಹಿಡಿಯುತ್ತಿದೆ. ಮೊದಲು ಎರಡೂ ಇರಲಿಲ್ಲ. ಎತ್ತರ ಅಷ್ಟೇ ಇರುವಾಗ ಹೀಗೇಕೆ? ಇನ್ನೊಂದು, ಲಿವರ್ ಒತ್ತಿದರೆ ಸೀಟ್ ಮೇಲೆ ಬರಲು ಬಹಳ ಹೊತ್ತು ತಗೊಳ್ಳುತ್ತದೆ. ನನ್ನ ಕಾಲಿನ ಒಳ ಅಳತೆ (ತೊಡೆಸಂದಿನಿಂದ ನೆಲದವರೆಗೆ) 78 ಸೆಂ.ಮೀ. ಗೊತ್ತಿದ್ದವರು ಹೇಳಿ.

ಹಳೇ ಚೈನು, ಹುಬ್ಬಳ್ಳಿ

ಎತ್ತರ ಅಷ್ಟೇ ಇದೆ ಅಂದಿರಲ್ಲ, ತೊಂದರೆ ಇರುವುದೇ ಅಲ್ಲಿ ನೋಡ್ರಿ. ಮೊದಲು 66 ಇಟ್ಟುಕೊಂಡಿದ್ದು ಯಾಕೆ? ಏರಿಗೂ ಆಗಬೇಕು, ಇಳಿಯುವಾಗ ಹೆದರಿಕೆಯೂ ಆಗಬಾರದು ಅಂತ ನಡುವೆ ಎಲ್ಲೋ ಒಂದು ಕಡೆ ನಿಲ್ಲಿಸಿದ್ದಿರಿ. ಎಲ್ಲರೂ ಹಾಗೇ ಮಾಡುತ್ತಾರೆ. ಈಗ ಇಳಿಯುವ ಕೆಲಸಕ್ಕೆ ಡ್ರಾಪರ್ ಇದೆ, ಆ ರಾಜಿ ಯಾಕೆ ಬೇಕು? ಪೂರ್ತಿ ಮೇಲಿದ್ದಾಗ ಸೀಟ್ ಪೆಡಲ್ ತುಳಿಯುವುದಕ್ಕೆ ಸರಿಯಾದ ಎತ್ತರದಲ್ಲಿರಬೇಕು, ಅಷ್ಟೇ.

ಆ ಎತ್ತರಕ್ಕೆ ಹಳೇ ಲೆಕ್ಕ ಒಂದಿದೆ: ಒಳ ಅಳತೆಯನ್ನು 0.883ರಿಂದ ಗುಣಿಸಿ. ನಿಮ್ಮ 78ಕ್ಕೆ ಸುಮಾರು 69 ಸೆಂ.ಮೀ. ಬರುತ್ತದೆ. ಅಂದರೆ ಈಗ 3 ಸೆಂ.ಮೀ. ಕಡಿಮೆ ಇದೆ. ಸೀಟ್ ತಗ್ಗಿದ್ದರೆ ಪೆಡಲ್ ಮೇಲೆ ಬಂದಾಗ ಮೊಣಕಾಲು ವಿಪರೀತ ಮಡಚುತ್ತದೆ, ಅದೇ ಸ್ಥಿತಿಯಲ್ಲಿ ಏರಿನಲ್ಲಿ ಜೋರಾಗಿ ತುಳಿದರೆ ಚಿಪ್ಪಿನ ಮುಂದೆ ನೋವು ಬರುವುದು ಸಹಜ. ಲೆಕ್ಕ ಬೇಡ ಅಂದರೆ ಗೋಡೆ ಹಿಡಿದು ಸೀಟ್ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಡಿ. ಪೆಡಲ್ ಪೂರ್ತಿ ಕೆಳಗೆ ಹೋದಾಗ ಕಾಲು ನೆಟ್ಟಗಾಗಬೇಕು, ಸೊಂಟ ಒಂದು ಕಡೆಗೆ ವಾಲಬಾರದು. ಆಮೇಲೆ ಪಾದದ ಮುಂಭಾಗ ಇಟ್ಟರೆ ಮೊಣಕಾಲಲ್ಲಿ ಸ್ವಲ್ಪ ಬಾಗು ತಾನಾಗಿಯೇ ಬರುತ್ತದೆ. ಓಡಿಸುವಾಗ ಹಾಕುವ ಶೂ ಹಾಕಿಕೊಂಡೇ ನೋಡಿ, ಚಪ್ಪಲಿಯಲ್ಲಿ ಅಳೆದು ಉಪಯೋಗವಿಲ್ಲ.

ಆದರೆ 66ರಲ್ಲಿ ಮೊದಲು ನೋವಿರಲಿಲ್ಲ ಅಂತೀರಿ, ಅದಕ್ಕೆ ಬೇರೆ ಕಾರಣ ಇರಬೇಕು. ಹಳೇ ಪೋಸ್ಟ್ ಮನೆಯಲ್ಲಿದ್ದರೆ ತೆಗೆದು ನೋಡಿ, ಅದರ ತಲೆ ಹಿಂದಕ್ಕೆ ಬಾಗಿರುತ್ತದೆ, ಸುಮಾರು 2 ಸೆಂ.ಮೀ. ಡ್ರಾಪರ್‌ಗಳು ಹೆಚ್ಚಾಗಿ ನೆಟ್ಟಗಿರುತ್ತವೆ. ಸೀಟಿನ ಅಡಿಯ ಕಂಬಿ, ಅಂದರೆ ರೈಲ್‌ನ ಅದೇ ಜಾಗಕ್ಕೆ ಪೋಸ್ಟಿನ ಕ್ಲ್ಯಾಂಪ್ ಹಾಕಿದ್ದರೆ ಎತ್ತರ ಬದಲಾಗದಿದ್ದರೂ ಸೀಟ್ ಅಷ್ಟು ಮುಂದೆ ಬಂತು ಅಂತಾಯ್ತು. ಮೈಭಾರ ಕೈ ಮೇಲೆ ಬೀಳುತ್ತದೆ, ಮೊಣಕಾಲೂ ಪೆಡಲ್‌ಗಿಂತ ಮುಂದೆ ಹೋಗುತ್ತದೆ. ಜೋಮಿಗೂ ಬಹುಶಃ ಇದೇ ಕಾರಣ.

ಮೊದಲು ಎತ್ತರ, ಆಮೇಲೆ ಹಿಂದೆ-ಮುಂದೆ. ಯಾಕೆಂದರೆ ಸೀಟ್ ಟ್ಯೂಬ್ ಹಿಂದಕ್ಕೆ ವಾಲಿರುತ್ತದೆ, ಕೋನ 73 ಡಿಗ್ರಿ ಅಂತಿಟ್ಟುಕೊಂಡರೆ 3 ಸೆಂ.ಮೀ. ಮೇಲೆತ್ತಿದಾಗ ಸೀಟ್ ತಾನೇ 9 ಮಿ.ಮೀ. ಹಿಂದೆ ಹೋಗಿರುತ್ತದೆ. ಉಳಿದ 1 ಸೆಂ.ಮೀ. ಚಿಲ್ಲರೆ ಮಾತ್ರ ರೈಲ್ ಮೇಲೆ ಸರಿಸಬೇಕು. ಮೊದಲೇ 2 ಸೆಂ.ಮೀ. ಹಿಂದೆ ತಳ್ಳಿಬಿಟ್ಟರೆ ಆಮೇಲೆ ಹ್ಯಾಂಡಲ್ ದೂರ ಆಯ್ತು ಅಂತ ಸ್ಟೆಮ್ (ಹ್ಯಾಂಡಲ್ ಹಿಡಿದಿರುವ ಭಾಗ) ಬದಲಾಯಿಸುವುದಕ್ಕೆ ಹೊರಡುತ್ತೀರಿ. ರೈಲ್ ಬಾಗಿರುವ ಜಾಗದಲ್ಲಿ ಕ್ಲ್ಯಾಂಪ್ ಬಿಗಿಯಬೇಡಿ, ನೇರ ಇರುವ ಕಡೆ ಮಾತ್ರ. ಎತ್ತರವನ್ನೂ ಒಂದೇ ಸಲ 3 ಸೆಂ.ಮೀ. ಏರಿಸಬೇಡಿ, ಅರ್ಧರ್ಧ ಸೆಂ.ಮೀ. ಏರಿಸುತ್ತಾ ಕಾಲಿಗೆ ರೂಢಿ ಮಾಡಿಸಿ. ಮೊಣಕಾಲ ಹಿಂದೆ ಎಳೆತ ಬಂದರೆ ಜಾಸ್ತಿ ಆಯ್ತು ಅಂತ.

ಎರಿಹೊಲ, ಗದಗ

ಸೀಟ್ ನಿಧಾನ ಬರುವುದಕ್ಕೆ ಮೊದಲು ಸೀಟ್ ಟ್ಯೂಬ್ ಬಾಯಲ್ಲಿ ಪೋಸ್ಟ್ ಬಿಗಿಹಿಡಿಯುವ ಕಾಲರ್ ಬೋಲ್ಟ್ ನೋಡಿ. ಹತ್ತರಲ್ಲಿ ಎಂಟು ಜನ ಅದನ್ನು ಜೀವ ಹೋಗುವ ಹಾಗೆ ಬಿಗಿದಿರುತ್ತಾರೆ. ಮಾಮೂಲಿ ಪೋಸ್ಟಿಗೆ ಅದು ನಡೆಯುತ್ತದೆ, ಡ್ರಾಪರ್‌ನ ಹೊರಗಿನ ಕೊಳವೆ ತೆಳುವಾಗಿರುತ್ತದೆ, ಹಿಸುಕಿದರೆ ಒಳಗಿನದು ಸಿಕ್ಕಿಕೊಂಡು ಓಡಾಡುತ್ತದೆ. ಕಾಲು ಸುತ್ತು ಸಡಿಲ ಮಾಡಿ ಲಿವರ್ ಒತ್ತಿ ನೋಡಿ. ಚುರುಕಾಗಿ ಬಂತು ಅಂದರೆ ರೋಗ ಗೊತ್ತಾಯ್ತಲ್ವಾ. ಕಾಲರ್ ಮೇಲೆ ಎಷ್ಟು ಬಿಗಿಯಬೇಕು ಅಂತ ಬರೆದಿರುತ್ತದೆ, ಹೆಚ್ಚಾಗಿ 5-6 ನ್ಯೂಟನ್ ಮೀಟರ್. ಅಷ್ಟಕ್ಕೆ ಪೋಸ್ಟ್ ಜಾರುತ್ತದೆ ಅಂದರೆ ಇನ್ನೂ ಬಿಗಿಯುವ ಬದಲು ಕಾರ್ಬನ್ ಪೇಸ್ಟ್ (ಜಾರದಂತೆ ಹಿಡಿಸುವ ತರಿತರಿ ಪೇಸ್ಟ್) ಹಚ್ಚಿ, ಅಲ್ಯೂಮಿನಿಯಂ ಫ್ರೇಮಿಗೂ ಅದು ಆಗುತ್ತದೆ.

ಇನ್ನೊಂದು ಕಾರಣ ಮಣ್ಣು. ನಮ್ಮ ಕಡೆ ಎರಿ ಮಣ್ಣು ಒಣಗಿದರೆ ಸಿಮೆಂಟೇ. ಒಳಗಿನ ಕೊಳವೆ ಹೊರಬರುವ ಕಡೆಯ ಸೀಲ್ ಸುತ್ತ ಕಟ್ಟಿಕೊಂಡಿರುತ್ತದೆ, ಅದರ ಮೇಲೇ ಸೀಟ್ ಇಳಿಸಿದರೆ ಒಳಗೆ ಹೋಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ ಆಮೇಲೆ ಇಳಿಸಿ. ಸರ್ವಿಸ್ ಸ್ಟೇಷನ್ ಪೈಪ್‌ನ ಪ್ರೆಷರ್ ನೀರು ಸೀಲ್‌ಗೆ ನೇರ ಬಿಡಬೇಡಿ.

ಕೆಲಗೇರಿ ಸವಾರ

ಕಾಲರ್ ಸಡಿಲ ಮಾಡಿದೆ, ಸೀಟ್ ಟಪ್ ಅಂತ ಮೇಲೆ ಬಂತು! ಥ್ಯಾಂಕ್ಸ್ ಅಣ್ಣಾ. ಹಳೇ ಪೋಸ್ಟಿನ ತಲೆ ನಿಜವಾಗ್ಲೂ ಹಿಂದಕ್ಕೆ ಬಾಗಿದೆ. ಆದರೆ ಡ್ರಾಪರ್ ಎತ್ತಲು ಹೋದರೆ 1 ಸೆಂ.ಮೀ. ಬಂದು ನಿಂತುಬಿಟ್ಟಿತು, ಒಳಗಿನಿಂದ ಯಾರೋ ಹಿಡಿದು ಎಳೆದ ಹಾಗೆ. ಜೋರಾಗಿ ಎಳೆಯಲಾ? ಇನ್ನೊಂದು ಅನುಮಾನ, ಪೋಸ್ಟ್ 3 ಸೆಂ.ಮೀ. ಮೇಲೆ ಹೋದರೆ ಸೀಟ್ ಇಳಿಸಿದಾಗಲೂ ಮೊದಲಿಗಿಂತ ಅಷ್ಟು ಮೇಲೇ ಉಳಿಯುತ್ತದಲ್ಲ?

ಹಳೇ ಚೈನು

ಎಳೆಯಬೇಡಿ! ಅದು ಕೇಬಲ್. ಲಿವರ್‌ನಿಂದ ಫ್ರೇಮ್ ಒಳಗೆ ಹಾದು ಪೋಸ್ಟಿನ ಬುಡಕ್ಕೆ ಸಿಕ್ಕಿಸಿರುತ್ತಾರೆ. ಒಂದು ಕೈಯಲ್ಲಿ ಸೀಟ್ ಹಿಡಿದು ನಿಧಾನ ಮೇಲೆತ್ತಿ, ಅದೇ ಹೊತ್ತಿಗೆ ಇನ್ನೊಂದು ಕೈಯಲ್ಲಿ ಹ್ಯಾಂಡಲ್ ಹತ್ತಿರ ಕೇಬಲ್ ಫ್ರೇಮಿನೊಳಗೆ ಹೋಗುವ ತೂತಿನ ಕಡೆ ಹೊರಕವಚವನ್ನು ಒಳಕ್ಕೆ ತಳ್ಳುತ್ತಾ ಬನ್ನಿ. ತೂತಿನ ಬಾಯಲ್ಲಿ ರಬ್ಬರ್ ಇದ್ದರೆ ಮೊದಲು ಬಿಚ್ಚಿ. ಮುಂದೆ ಸಾಕಷ್ಟು ಉದ್ದ ಬಿಟ್ಟಿಲ್ಲದಿದ್ದರೆ ಹ್ಯಾಂಡಲ್ ಪೂರ್ತಿ ತಿರುಗಿಸುವಾಗ ಬಿಗಿಯುತ್ತದೆ, ಆಗ ಉದ್ದದ ಕೇಬಲ್ ಹಾಕಿಸಲೇಬೇಕು. ಕೇಬಲ್ ಬಿಗಿ ಜಾಸ್ತಿಯಾದರೆ ಕೂತಾಗ ಸೀಟ್ ತಾನೇ ಮೆಲ್ಲಗೆ ಇಳಿಯುತ್ತದೆ, ಲಿವರ್‌ನಲ್ಲಿ ಕೂದಲೆಳೆಯಷ್ಟು ಸಡಿಲ ಇರಲಿ. ಪೋಸ್ಟ್ ಕನಿಷ್ಠ ಎಷ್ಟು ಒಳಗಿರಬೇಕು ಅಂತ ಅದರ ಮೇಲಿರುವ ಗುರುತು ಹೊರಗೆ ಕಾಣಬಾರದು, ಅದನ್ನೂ ನೋಡಿಕೊಳ್ಳಿ.

ಎರಡನೇ ಪ್ರಶ್ನೆ: ಹೌದು, ಉಳಿಯುತ್ತದೆ. ಆದರೆ 69ರಿಂದ 12.5 ಇಳಿದರೆ 56.5. ಹಳೇ ಪೋಸ್ಟಿನಲ್ಲಿ 66 ಇಟ್ಟುಕೊಂಡೇ ಇಳಿಯುತ್ತಿದ್ದಿರಲ್ಲ. ನಿಜ ಹೇಳಬೇಕೆಂದರೆ ನಿಮಗೆ 150 ಮಿ.ಮೀ. ಡ್ರಾಪರ್ ಕೂಡ ಕೂರುತ್ತಿತ್ತು. 69ರಲ್ಲಿ ಸೀಟ್ ಟ್ಯೂಬಿನ 43 ಕಳೆಯಿರಿ, 26. ರೈಲ್‌ನಿಂದ ಸೀಟಿನ ಮೇಲ್ಭಾಗಕ್ಕೆ 4.5 ಕಳೆಯಿರಿ, 21.5. ಇಷ್ಟರಲ್ಲಿ ಡ್ರಾಪರ್‌ನ ಓಟ (ಅದು ಇಳಿದೇರುವ ಉದ್ದ) ಮತ್ತು ಅದರ ತಲೆ, ಕುತ್ತಿಗೆ ಸೇರಿ ಸುಮಾರು 5 ಸೆಂ.ಮೀ. ಹಿಡಿಸಬೇಕು. 15 ಮತ್ತು 5, 20 ಆಯ್ತು, ಜಾಗ ಉಳಿಯಿತು. ಅಂಗಡಿಯಲ್ಲಿ 66ಕ್ಕೆ ಲೆಕ್ಕ ಹಾಕಿದ್ದಕ್ಕೆ 125 ಬಂದಿದೆ. ಸೀಟ್ ಟ್ಯೂಬಿನೊಳಗೆ ಪೋಸ್ಟ್ ಎಷ್ಟು ಆಳ ಇಳಿಯುತ್ತದೆ ಅನ್ನುವುದು ಮಾತ್ರ ಬೇರೆ ನೋಡಬೇಕು. ಈಗ ಬದಲಾಯಿಸಲು ದುಡ್ಡು ಸುರಿಯಬೇಡಿ, 125 ಸಾಕು.

ಗಾಳಿಗೆ ಎದುರು, ಹಾವೇರಿ

ಹಿಂದೆ-ಮುಂದೆ ವಿಷಯದಲ್ಲಿ ನಂದೊಂದು ತಕರಾರು. ಹಳೇ ಜಾಗಕ್ಕೇ ವಾಪಸ್ ಹೋಗಬೇಕು ಅಂತ ಏನಿದೆ? ಹಳೇ ಜಾಗ ಸರಿ ಇತ್ತು ಅಂತ ಯಾರು ಹೇಳಿದರು? ಕಡಿದಾದ ಏರಿನಲ್ಲಿ ಸೀಟ್ ಸ್ವಲ್ಪ ಮುಂದಿದ್ದರೆ ಮುಂದಿನ ಗಾಲಿ ನೆಲ ಬಿಡುವುದಿಲ್ಲ. ಈಗಿನ ಎಂಟಿಬಿಗಳಲ್ಲಿ ಸೀಟ್ ಟ್ಯೂಬ್ ಕೋನವನ್ನು 75 ಡಿಗ್ರಿಯ ಮೇಲೆ ಒಯ್ದಿರುವುದೂ ಅದಕ್ಕೇ. ಎತ್ತರ ಮಾತ್ರ ಸರಿ ಮಾಡಿ, 9 ಮಿ.ಮೀ. ತಾನೇ ಹಿಂದೆ ಹೋಗುತ್ತದಲ್ಲ, ಅದರಲ್ಲೇ ಸ್ವಲ್ಪ ಓಡಿಸಿ ನೋಡಿ. ಜೋಮು ಉಳಿದರೆ ಮಾತ್ರ ರೈಲ್ ಮುಟ್ಟಿ.

ಸೀಟಿನ ಮೂತಿ ಕೆಳಗೆ ಬಾಗಿದೆಯಾ ಅಂತಲೂ ನೋಡಿ. ಬಾಗಿದ್ದರೆ ಮುಂದೆ ಜಾರುತ್ತಾ ಕೈಯಲ್ಲೇ ತಡೆದುಕೊಂಡಿರುತ್ತೀರಿ, ಅಂಗೈ ಜೋಮಿಗೆ ಅಷ್ಟು ಸಾಕು. ಸೀಟ್ ಮೇಲೆ ಗಟ್ಟಿ ರಟ್ಟಿನ ಪುಸ್ತಕ ಉದ್ದಕ್ಕಿಟ್ಟು, ಅದರ ಮೇಲೆ ಮೊಬೈಲ್ ಇಟ್ಟು ಲೆವೆಲ್ ನೋಡಿ. ಸಮ ಇರಲಿ, ತೀರಾ ಬೇಕಾದರೆ ಒಂದೆರಡು ಡಿಗ್ರಿ ಕೆಳಗೆ. ಸೈಕಲ್ ನಿಂತಿರುವ ನೆಲ ಸಮ ಇದೆಯಾ ಅಂತ ಮೊದಲು ನೋಡ್ರಪ್ಪಾ, ನಮ್ಮ ಅಂಗಳದಲ್ಲಂತೂ ಲೆವೆಲ್ ಅನ್ನುವುದೇ ಇಲ್ಲ.

ಹಳೇ ಚೈನು

ಆ ಮಾತು ಒಪ್ಪಿದೆ. ಎತ್ತರ ಮೊದಲು, ರೈಲ್ ಆಮೇಲೆ. ಗೇರ್ ವಿಷಯ ಹೇಳಲಿಲ್ಲ ನೀವು, ಮುಂದೆ ಪೆಡಲ್ ಹತ್ತಿರ ಮೂರು ಹಲ್ಲುಚಕ್ರದ್ದಾ? ಹಾಗಿದ್ದರೆ ಎಡಗಡೆ ಶಿಫ್ಟರ್ ಇರುವುದರಿಂದ ಲಿವರ್ ಎಲ್ಲೋ ದೂರ ಹಾಕಿರುತ್ತಾರೆ. ಹೆಬ್ಬೆರಳಿಗೆ ಸಿಗದ ಲಿವರ್ ಇದ್ದರೆ ಅರ್ಧ ದಾರಿಯಲ್ಲಿ ಇಳಿಸಲು ಆಗುವುದಿಲ್ಲ, ಆಗ ಮತ್ತೆ ಸೀಟ್ ತಗ್ಗಿಸಿಕೊಂಡೇ ಓಡಿಸುವ ಅಭ್ಯಾಸ ಬರುತ್ತದೆ.

ಕೆಲಗೇರಿ ಸವಾರ

ಇಲ್ಲ, ಮುಂದೆ ಒಂದೇ ಚಕ್ರ, ಲಿವರ್ ಕೈಗೆ ಸಿಗುತ್ತದೆ. ಕೇಬಲ್ ನೀವು ಹೇಳಿದ ಹಾಗೆ ತಳ್ಳಿದೆ, ಪೋಸ್ಟ್ ಬೆಣ್ಣೆಯಂತೆ ಬಂತು. ಸದ್ಯಕ್ಕೆ 67ರಲ್ಲಿಟ್ಟಿದ್ದೇನೆ. ಮೂತಿ ನೋಡಿದರೆ 4 ಡಿಗ್ರಿ ಕೆಳಗಿತ್ತು, ಸಮ ಮಾಡಿದೆ. ರೈಲ್ ಮುಟ್ಟಿಲ್ಲ. ಭಾನುವಾರ ಬೂದನಗುಡ್ಡದ ಕಡೆ ಹೋಗಿ ಬಂದು ಹೇಳುತ್ತೇನೆ.

ಎರಿಹೊಲ, ಗದಗ

ಹೋಗುವಾಗ 4, 5 ನಂಬರ್ ಅಲೆನ್ ಕೀ ಜೇಬಲ್ಲಿರಲಿ. 67.5 ಅಲ್ಲೇ ಮಾಡಿಬಿಡಿ.