ಸಸಿಹಿತ್ಲು ಕಡಲತೀರದಲ್ಲಿ ಮಗಳ ಸರ್ಫಿಂಗ್ ಕಲಿಕೆ: ಸಹಾಯ ಬೇಕು

ಎಲ್ಲರಿಗೂ ಮಡಿಕೇರಿಯಿಂದ ನಮಸ್ಕಾರ. ಕಾಫಿ ಕೊಯ್ಲು ಮುಗಿದಿರುವುದರಿಂದ, ಏಪ್ರಿಲ್ ಎರಡನೇ ವಾರದಲ್ಲಿ ಸಂಪಾಜೆ ಘಾಟಿ ಇಳಿದು, ಮಂಗಳೂರಿನ ಮೂಲಕ ಮೂಲ್ಕಿಗೆ ಹೋಗಿ, ಪಕ್ಕದ ಸಸಿಹಿತ್ಲಿನಲ್ಲಿ ಎರಡು ದಿನ ಕಳೆಯಬೇಕೆಂದಿದ್ದೇವೆ. 2016ರಲ್ಲಿ ಅಲ್ಲಿ ರಾಷ್ಟ್ರಮಟ್ಟದ ಸರ್ಫಿಂಗ್ ಸ್ಪರ್ಧೆ ನಡೆದಿತ್ತೆಂದು ತಿಳಿದಾಗಿನಿಂದ, ಹತ್ತು ವರ್ಷದ ನನ್ನ ಮಗಳು ಕಾಫಿ ಕಣದಲ್ಲಿ ಹಲಗೆ ಹಾಸಿ, ಬೋರಲಾಗಿ ಮಲಗಿ, ಥಟ್ಟನೆ ಎದ್ದು ನಿಲ್ಲುವುದನ್ನು ದಿನವೂ ಅಭ್ಯಾಸ ಮಾಡುತ್ತಿದ್ದಾಳೆ. ಅವಳಿಗೆ ಈಜು ಬರುತ್ತದೆ, ಆದರೆ ಕೊಳದಲ್ಲಿ ಮಾತ್ರ.

ಎರಡು ಹೋಂಸ್ಟೇಗಳಿಗೆ ಫೋನ್ ಮಾಡಿ ವಿಚಾರಿಸಿದೆ. ಮಕ್ಕಳು ಮೊದಲು ಶಾಂಭವಿ ನದಿಯ ಶಾಂತ ನೀರಿನಲ್ಲಿ ಹಲಗೆಯ ಮೇಲೆ ಸಮತೋಲನ ಕಲಿಯಬೇಕೆಂದು ಒಬ್ಬರು ಹೇಳಿದರೆ, ದಡದ ಹತ್ತಿರ ಸೊಂಟಮಟ್ಟದ ನೀರಿನಲ್ಲೇ ನೇರವಾಗಿ ಆರಂಭಿಸಬಹುದೆಂದು ಇನ್ನೊಬ್ಬರು ಹೇಳಿದರು. ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಅಳಿವೆ ಅಲ್ಲೇ ಇರುವುದರಿಂದ, ಇಳಿತದ ಹೊತ್ತಿನಲ್ಲಿ ಸೆಳೆತ ಹೆಚ್ಚಿರುತ್ತದೆಂಬ ಚಿಂತೆ ನನ್ನನ್ನು ಬಿಡುತ್ತಿಲ್ಲ.

ಮಕ್ಕಳೊಂದಿಗೆ ಹೋಗಿ ಬಂದವರು ದಯವಿಟ್ಟು ತಿಳಿಸಿ: ಏಪ್ರಿಲ್‌ನಲ್ಲಿ ಮೊದಲ ಪಾಠಕ್ಕೆ ನದಿ ಸೂಕ್ತವೋ, ಕಡಲೋ? ಕಡಲಾದರೆ, ಅಳಿವೆಯಿಂದ ಎಷ್ಟು ದೂರದಲ್ಲಿ, ದಿನದ ಯಾವ ಹೊತ್ತಿನಲ್ಲಿ ಇಳಿಸಬೇಕು?