ಕ್ರೊನೊಗ್ರಾಫ್‌ನಲ್ಲಿ ಒಮ್ಮೆ 321, ಒಮ್ಮೆ 548. ಗುಂಡಿನ ತಪ್ಪಾ, ಮೀಟರಿನ ತಪ್ಪಾ?

ಹೊಸ ಗುರಿಗಾರ:
ನಮಸ್ಕಾರ. .22 ರೈಫಲ್‌ನ ಗುಂಡಿನ ವೇಗ ಅಳೆಯೋಣ ಅಂತ ಬೆಳಕಿನ ಸೆನ್ಸರ್ ಇರುವ ಕ್ರೊನೊಗ್ರಾಫ್ ತಂದೆ. ಗುಂಡಿನ ಡಬ್ಬಿಯ ಮೇಲೆ ಸೆಕೆಂಡಿಗೆ 326 ಮೀಟರ್ ಎಂದಿದೆ. ನನಗೆ ಬಂದದ್ದು 321, 318, 548, ಎರರ್, 324, ಎರರ್, 271. ಮೋಡ ಇದ್ದಾಗ ಚೆನ್ನಾಗಿತ್ತು, ಬಿಸಿಲು ಬಂದ ಮೇಲೆ ಕೆಟ್ಟಿತು. ನಳಿಗೆ ತುದಿಯಿಂದ ಒಂದು ಮೀಟರ್ ದೂರದಲ್ಲಿ ಇಟ್ಟಿದ್ದೇನೆ. ಗುಂಡುಗಳೇ ಸರಿಯಿಲ್ವಾ?

ಹಳೇ ಟ್ರೈಪಾಡ್:
ಗುಂಡನ್ನು ಬೈಯಬೇಡಿ ಸರ್. ಆ ಗುಂಡಿಗೆ 548 ಸಾಧ್ಯವೇ ಇಲ್ಲ.

ಈ ಯಂತ್ರ ನೋಡುವುದು ಗುಂಡಿನ ನೆರಳನ್ನು. ಮೊದಲ ಸೆನ್ಸರ್ ಮೇಲೆ ನೆರಳು ಹಾದಾಗ ಗಡಿಯಾರ ಶುರು, ಎರಡನೆಯದರ ಮೇಲೆ ಹಾದಾಗ ಬಂದ್. ನಡುವೆ 30 ಸೆಂಟಿಮೀಟರ್ ಇದ್ದರೆ ನಿಮ್ಮ ಗುಂಡಿಗೆ ಒಂದು ಮಿಲಿಸೆಕೆಂಡೂ ಬೇಡ. ಅಷ್ಟರಲ್ಲಿ ನಳಿಗೆಯಿಂದ ನುಗ್ಗಿದ ಗಾಳಿಯೋ ಉರಿಯದ ಮದ್ದಿನ ಚೂರೋ ಸೆನ್ಸರ್ ಕೆಣಕಿದರೆ ಲೆಕ್ಕ ಹಾಳು. ಗಡಿಯಾರ ಬೇಗ ಶುರುವಾದರೆ 271, ಬೇಗ ನಿಂತರೆ 548. ಮೂರು ಮೀಟರ್‌ಗೆ ಸರಿಸಿ.

ಅಂದಹಾಗೆ, ಸೆನ್ಸರ್ ಮೇಲೆ ಹಾಕುವ ಬಿಳಿ ಡಿಫ್ಯೂಸರ್, ಅಂದ್ರೆ ಬೆಳಕನ್ನು ಸಮನಾಗಿ ಹರಡುವ ಹೊದಿಕೆ, ಹಾಕಿದ್ದೀರಾ? ಓರೆ ಬಿಸಿಲಿಗೆ ಗುಂಡಿನ ಹೊಟ್ಟೆ ಮಿಂಚಿ ನೆರಳೇ ಸಿಗಲ್ಲ.

ಹೊಸ ಗುರಿಗಾರ:
ಅಯ್ಯೋ, ಅದು ಬ್ಯಾಗಲ್ಲೇ ಇದೆ! ಬೆಳಿಗ್ಗೆ ಮೋಡ ಇತ್ತಲ್ಲ, ಬೇಡ ಅಂತ ಸುಮ್ನೆ ಬಿಟ್ಟಿದ್ದೆ.

ತೂತು ಡಿಸ್ಪ್ಲೇ:
ಸರಿಸುವ ಮುಂಚೆ ಫೈರಿಂಗ್ ನಿಲ್ಲಿಸಲು ಹೇಳಿ. ಎಲ್ಲರ ಬಂದೂಕೂ ಖಾಲಿ ಅಂತ ಆದ ಮೇಲೆ ಮಾತ್ರ ಮುಂದೆ ಹೋಗಿ.

ಇನ್ನೊಂದು, ಸ್ಕೋಪ್ (ಗುರಿ ನೋಡುವ ದುರ್ಬೀನು) ನಂಬಬೇಡಿ. ಅದು ನಳಿಗೆಗಿಂತ ನಾಲ್ಕೈದು ಸೆಂಟಿಮೀಟರ್ ಮೇಲಿರುತ್ತದೆ. ಸ್ಕೋಪಿನಲ್ಲಿ ದಾರಿ ಖಾಲಿ ಕಾಣುತ್ತಿತ್ತು, ಗುಂಡು ನೇರ ನನ್ನ ಡಿಸ್ಪ್ಲೇಗೇ ಹೋಯಿತು. ಪಾಪ, ಅದು ಕೊನೆಗೆ ತೋರಿಸಿದ್ದು 319. ಈಗ ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಭಾಗ) ತೆಗೆದು, ಹಿಂದಿನಿಂದ ನಳಿಗೆಯೊಳಗೆ ಕಣ್ಣಿಟ್ಟು ನೋಡುತ್ತೇನೆ. ಎರಡೂ ಸೆನ್ಸರ್‌ಗಳ ನಡುಮಧ್ಯೆ ದಾರಿ ಹಾಯಬೇಕು. ಯಂತ್ರ 10 ಡಿಗ್ರಿ ಓರೆಯಾದರೂ ಸೆಕೆಂಡಿಗೆ ಸುಮಾರು 5 ಮೀಟರ್ ಕಡಿಮೆ ತೋರಿಸುತ್ತದೆ.

ಹೊಸ ಗುರಿಗಾರ:
ಮೂರು ಮೀಟರ್, ಡಿಫ್ಯೂಸರ್, ಬೋಲ್ಟ್ ತೆಗೆದು ಜೋಡಣೆ. ಹತ್ತು ಗುಂಡು ಹೊಡೆದೆ. ಎಲ್ಲವೂ 317ರಿಂದ 327ರ ಒಳಗೆ, ಒಂದೂ ಎರರ್ ಇಲ್ಲ. ಆದರೆ ಸರಾಸರಿ 322. ಡಬ್ಬಿಗಿಂತ ಕಡಿಮೆ ಅಲ್ವಾ?

ಹಳೇ ಟ್ರೈಪಾಡ್:
ಮೂರು ಮೀಟರ್ ಹಾರುವಷ್ಟರಲ್ಲಿ ಸೆಕೆಂಡಿಗೆ ಒಂದು ಮೀಟರ್‌ನಷ್ಟು ವೇಗ ಇಳಿದಿರುತ್ತದೆ. ಉಳಿದದ್ದು ನಳಿಗೆಯ ವ್ಯತ್ಯಾಸ. ಡಬ್ಬಿಯ ಅಂಕಿ ಬಂದದ್ದು ಅವರ ಪರೀಕ್ಷೆಯ ನಳಿಗೆಯಿಂದ, ನಿಮ್ಮದರಿಂದ ಅಲ್ಲ. ಗುರಿ ಸರಿಮಾಡಲು 322 ಅಂತಲೇ ಬರೆದುಕೊಳ್ಳಿ.